ಲೆಕ್ಕದ ಪುಸ್ತಕ ಮತ್ತು ಒಂದು ಸಿನಿಮಾ

1915ರಲ್ಲಿ ಅಮೆರಿಕದ ಗ್ರಿಫಿತ್ ಎಂಬ ಬಿಳಿಯ ‘ದ ಬರ್ತ್ ಆಫ್ ಎ ನೇಷನ್’ ಸಿನಿಮಾ ತೆಗೆದ. ಅದರಲ್ಲಿ ಕಪ್ಪುಜನ ಮೃಗಗಳು, ಅವರನ್ನು ಬೇಟೆಯಾಡುವ ಮುಸುಕುಧಾರಿ ಕ್ಲಾನ್‌ನವರು ವೀರರು. ಅದೇ ವರ್ಷ, ಅಳಿದುಹೋಗಿದ್ದ ಕ್ಲಾನ್ ಮತ್ತೆ ಎದ್ದು ನಿಂತಿತು. ಸುಳ್ಳಿಗೆ ಪರದೆ ಸಿಕ್ಕರೆ ಏನಾಗ್ತದೆ ನೋಡಿ.

ಇದಕ್ಕೆ ಎದುರು ನಿಂತವನು ಆಸ್ಕರ್ ಮಿಶೋ. 1884ರಲ್ಲಿ ಹುಟ್ಟಿದವನು, ಗುಲಾಮನಾಗಿ ಹುಟ್ಟಿದ ಅಪ್ಪನ ಮಗ. ರೈಲಿನಲ್ಲಿ ಪೋರ್ಟರ್ ಆಗಿದ್ದ, ಸೌತ್ ಡಕೋಟದಲ್ಲಿ ಬೇಸಾಯ ಮಾಡಿದ, ತನ್ನ ಕಾದಂಬರಿಗಳನ್ನು ತಾನೇ ಹೊತ್ತು ಮನೆಮನೆಗೆ ಮಾರಿದ. ಸಿನಿಮಾಕ್ಕೆ ತಾನೇ ಕಂಪನಿ ಕಟ್ಟಿದ.

1920ರ ಅವನ ‘ವಿದಿನ್ ಅವರ್ ಗೇಟ್ಸ್’ ಚಿತ್ರದ ನಾಯಕಿ ಒಬ್ಬ ಮೇಷ್ಟ್ರು. ಕಪ್ಪು ಮಕ್ಕಳ ಹಳ್ಳಿಶಾಲೆ ಮುಚ್ಚಬಾರದೆಂದು ಹಣಕ್ಕಾಗಿ ಅಲೆಯುವವಳು. ಅವಳ ಸಾಕುತಂದೆ ಧಣಿಯ ಹೊಲವನ್ನು ಪಾಲಿಗೆ ಉಳುವವನು. ಓದಿದ ಮಗಳು ಲೆಕ್ಕ ಬರೆದಿಡುತ್ತಾಳೆ. ಅಪ್ಪ ಅದನ್ನು ಹಿಡಿದು ಧಣಿಯ ಮುಂದೆ ನಿಲ್ಲುತ್ತಾನೆ. ಅದೇ ಹೊತ್ತಿಗೆ ಇನ್ನೊಬ್ಬ ಬಿಳಿಯ ಧಣಿಗೆ ಗುಂಡಿಕ್ಕುತ್ತಾನೆ. ಅಪವಾದ ಬೀಳುವುದು ಕಪ್ಪು ರೈತನ ಮೇಲೆ. ಗುಂಪು ಅವನನ್ನೂ ಅವನ ಹೆಂಡತಿಯನ್ನೂ ನೇಣಿಗೆ ಹಾಕುತ್ತದೆ.

ನಮ್ಮ ಹಟ್ಟಿಯಲ್ಲಿ ಸಾಲದ ಚೀಟಿ ಓದಿದ ಮೊದಲಿಗ ನಾನು. ನಾನು ಓದಿ ಹೇಳಿದ ದಿನ ಅಪ್ಪ ಮಾತಾಡಲಿಲ್ಲ. ಆ ಮಗಳ ಲೆಕ್ಕದ ಪುಸ್ತಕ ಧಣಿಗೆ ಯಾಕೆ ಭಯ ಅಂತ ನನಗೆ ಯಾರೂ ಹೇಳಿಕೊಡಬೇಕಿಲ್ಲ.

ಹಿಂದಿನ ವರ್ಷವಷ್ಟೇ ಷಿಕಾಗೋ ಗಲಭೆಯಲ್ಲಿ 38 ಜನ ಸತ್ತಿದ್ದರು. ಈ ಚಿತ್ರ ತೋರಿಸಿದರೆ ಮತ್ತೆ ಬೆಂಕಿ ಹೊತ್ತೀತು ಅಂತ ಅಡ್ಡಿ ಬಂತು, ಕತ್ತರಿ ಬಿತ್ತು. ನೇಣು ಹಾಕಿದವರಿಗೆ ಇಲ್ಲದ ಕತ್ತರಿ ನೇಣನ್ನು ತೋರಿಸಿದವನಿಗೆ! ಆಮೇಲೆ ಚಿತ್ರವೇ ಕಾಣೆಯಾಯಿತು. 1951ರಲ್ಲಿ ಮಿಶೋ ತೀರಿಕೊಂಡ. ಅವನು ತೆಗೆದ ಸುಮಾರು 40 ಸಿನಿಮಾಗಳಲ್ಲಿ ಹೆಚ್ಚಿನವು ಉಳಿದಿಲ್ಲ.

ದಶಕಗಳ ನಂತರ ಇದರ ಒಂದೇ ಒಂದು ಪ್ರತಿ ಸಿಕ್ಕಿತು. ಎಲ್ಲಿ? ಸ್ಪೇನಿನ ಮ್ಯಾಡ್ರಿಡ್‌ನಲ್ಲಿ, ‘ಲಾ ನೆಗ್ರಾ’ ಎಂಬ ಹೆಸರಲ್ಲಿ. ಮೂಕಿಚಿತ್ರದ ನಡುವೆ ಬರುವ ಬರಹ ಬಹುಪಾಲು ಸ್ಪ್ಯಾನಿಷ್. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 1993ರಲ್ಲಿ ಅದನ್ನು ಸರಿಪಡಿಸುವಾಗ ಆ ಮಾತುಗಳನ್ನು ಮತ್ತೆ ಇಂಗ್ಲಿಷಿಗೆ ತರಬೇಕಾಯಿತು. ಮಿಶೋನ ಮಾತು ಅವನ ಭಾಷೆಗೇ ಅನುವಾದವಾಗಿ ಮರಳಿತು.

ಹಾರ್ಲೆಮ್‌ನ ಪರ್ಲ್ ಬೌಸರ್ ಎಂಬಾಕೆ ಇಂಥ ಹಳೆಯ ಚಿತ್ರಗಳನ್ನು ಹುಡುಕಿ ಕೂಡಿಟ್ಟರು, ಜನರ ಮುಂದೆ ತಂದು ತೋರಿಸಿದರು. 1994ರಲ್ಲಿ ಮಿಶೋನ ಕಾಲದ ಬಗ್ಗೆ ‘ಮಿಡ್‌ನೈಟ್ ರ‍್ಯಾಂಬಲ್’ ಸಾಕ್ಷ್ಯಚಿತ್ರವನ್ನು ಜೊತೆಗೂಡಿ ನಿರ್ದೇಶಿಸಿದರು. 2023ರಲ್ಲಿ ತೀರಿಕೊಂಡರು.

ಮಾಡಿದವನಷ್ಟೇ ಕಾದವಳೂ ದೊಡ್ಡವಳು ಕಣ್ರೀ. ಮೇಷ್ಟ್ರೇ, ನಿಮ್ಮ ಶಾಲೆಯ ಮಕ್ಕಳ ಅಜ್ಜಿಯರ ಹಾಡು, ಅಪ್ಪಂದಿರ ಜೀತದ ಲೆಕ್ಕ ಇವತ್ತೇ ಬರೆಸಿಡಿ. ನಾಳೆ ಹುಡುಕಲು ನಮಗೆ ಯಾವ ಮ್ಯಾಡ್ರಿಡ್ಡೂ ಇಲ್ಲ.