ಹಾಲಿನ ಆಣೆ: ಬಳ್ಳಾರಿ ಗಡಿಯ ಬಡಿಗೆ ಕಾಳಗ ಮತ್ತು ಹಗೆಯ ನಿಯಂತ್ರಣ

ಜನಪದ ಆಚರಣೆಗಳಲ್ಲಿ ಹಿಂಸೆಯ ಅಂಶಗಳಿರುವಂತೆಯೇ ಅದಕ್ಕೆ ಎಲ್ಲೆ ಕಟ್ಟುವ ವಿಧಾನಗಳೂ ಇರುತ್ತವೆ. ಬಳ್ಳಾರಿ, ಸಿರುಗುಪ್ಪ, ಕುರುಗೋಡು ಸೀಮೆಯ ಪೂರ್ವದ ಗಡಿಯಾಚೆ, ಕರ್ನೂಲು ಜಿಲ್ಲೆಯ ಹೊಳಗುಂದ ಮಂಡಲದಲ್ಲಿರುವ ದೇವರಗಟ್ಟು ಇದಕ್ಕೊಂದು ನಿದರ್ಶನ. ಹೊಳಗುಂದವನ್ನು ಒಳಗೊಂಡಿದ್ದ ಆಲೂರು ತಾಲ್ಲೂಕು 1953ರ ಅಕ್ಟೋಬರ್ 1ರಂದು ಆಂಧ್ರಕ್ಕೆ ಸೇರುವವರೆಗೂ ಬಳ್ಳಾರಿ ಜಿಲ್ಲೆಯ ಭಾಗವಾಗಿತ್ತು. ಆಡಳಿತದ ಗಡಿ ಬದಲಾದರೂ ಸಿರುಗುಪ್ಪ, ಬಳ್ಳಾರಿ ಕಡೆಯ ಭಕ್ತರು ಅಲ್ಲಿಗೆ ಹೋಗುವುದು ನಿಂತಿಲ್ಲ.

ವಿಜಯದಶಮಿಯ ರಾತ್ರಿ ಮಾಳ ಮಲ್ಲೇಶ್ವರನ ಕಲ್ಯಾಣವಾದ ಬಳಿಕ ಉತ್ಸವಮೂರ್ತಿಗಳು ಬೆಟ್ಟ ಇಳಿಯುತ್ತವೆ. ನೆರಣಿಕಿ, ನೆರಣಿಕಿ ತಾಂಡಾ, ಕೊತ್ತಪೇಟ ಊರವರು ಅವುಗಳನ್ನು ಕಾಯುತ್ತಾರೆ. ಸುತ್ತಲ ಹಳ್ಳಿಗಳವರು ಬಡಿಗೆ ಹಿಡಿದು ಮುನ್ನುಗ್ಗುತ್ತಾರೆ. ಇದರ ಹಿನ್ನೆಲೆಯಲ್ಲಿರುವ ಮಣಿ-ಮಲ್ಲಾಸುರರ ವಧೆಯ ಕಥೆ ಮೈಲಾರಲಿಂಗ ಪರಂಪರೆಯದೂ ಹೌದು.

ಕಾಳಗಕ್ಕೆ ಮುನ್ನ ಕಾವಲಿನ ಮೂರೂ ಊರವರು ಹಾಲು ಮುಟ್ಟಿ ಆಣೆ ಮಾಡುತ್ತಾರೆ. ಉತ್ಸವ ಮುಗಿಯುವವರೆಗೆ ತಮ್ಮೊಳಗಿನ ಹಗೆ ಮರೆತು ಒಗ್ಗಟ್ಟಾಗಿರಬೇಕೆಂಬುದು ಅದರ ತಿರುಳು. ಗಾಯಕ್ಕೆ ಭಂಡಾರ ಹಚ್ಚುವುದು ರೂಢಿ. ದೇವರ ಕಾರ್ಯದಲ್ಲಿ ತಗುಲಿದ ಏಟಿಗೆ ಸೇಡಿಲ್ಲವೆಂಬ ಭಾವನೆ ಇದರ ಹಿಂದಿದೆ. ಆದರೆ ಈ ಆಣೆ ಎದುರು ಪಕ್ಷದವರನ್ನು ಕಟ್ಟುವುದಿಲ್ಲ. ಅದು ಹಗೆಯನ್ನು ತಡೆದೀತು, ಏಟನ್ನಲ್ಲ. ಪೊಲೀಸ್ ಬಂದೋಬಸ್ತು, ಜಾಗೃತಿ ಸಭೆಗಳ ನಡುವೆಯೂ 2025ರ ಉತ್ಸವದಲ್ಲಿ ಸಾವು ಸಂಭವಿಸಿತು. ನಿಷೇಧದ ಆಜ್ಞೆ ಊರಿಗೆ ಹೊರಗಿನದು, ಆಣೆ ಊರಿನದೇ. ಆದುದರಿಂದ ಹಿಂಸೆಯನ್ನು ತಡೆಯುವ ಯಾವ ಯತ್ನವೂ ಹಾಲಿನ ಆಣೆಯನ್ನು ಎಲ್ಲ ಹಳ್ಳಿಗಳಿಗೂ ವಿಸ್ತರಿಸಿ, ಹಗೆಯ ಜೊತೆಗೆ ಬಡಿಗೆಯನ್ನೂ ಕೆಳಗಿಡಿಸುವ ದಾರಿಯನ್ನು ಊರವರೊಡನೆಯೇ ಹುಡುಕಬೇಕಾಗುತ್ತದೆ.