ನಾಮಪದದ ಬೆನ್ನಿಗೆ ‘ಟು’ವೋ, ‘ಇಂಗ್’ವೋ?

ನಮ್ಮ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಭಾಗದಲ್ಲಿ ಓದಿದವರ ಇಂಗ್ಲಿಷ್ ನೋಟುಬುಕ್ಕುಗಳಲ್ಲಿ ಕೆಂಪು ಶಾಯಿಗೆ ತಪ್ಪದೆ ಸಿಗುತ್ತಿದ್ದ ಎರಡು ಪ್ರಯೋಗಗಳಿವೆ: ‘ಡಿಸಿಷನ್ ಆಫ್ ಗೋಯಿಂಗ್’ ಮತ್ತು ‘ಹ್ಯಾಬಿಟ್ ಟು ರೀಡ್’. ‘ಡಿಸಿಷನ್ ಟು ಗೋ’, ‘ಹ್ಯಾಬಿಟ್ ಆಫ್ ರೀಡಿಂಗ್’ ಎಂದು ತಿದ್ದುವುದು ಸುಲಭ. ಏಕೆ ಎಂದು ಹುಡುಗರು ಕೇಳಿದರೆ ಹೇಳುವುದು ಕಷ್ಟ. ಈ ತಪ್ಪಿಗಾಗಿ ಎಷ್ಟೋ ಮಕ್ಕಳು ‘ದಡ್ಡ’ ಎಂಬ ಹಣೆಪಟ್ಟಿ ಹೊತ್ತರು. ನೇಕಾರರ ಮನೆಗಳಿಂದ, ಹೊಲಗೆಲಸದ ಮನೆಗಳಿಂದ ಮೊದಲ ಬಾರಿಗೆ ಶಾಲೆಯ ಮೆಟ್ಟಿಲು ಹತ್ತಿದವರು ಇಂಗ್ಲಿಷಿಗೆ ಹೆದರಿ ಓದನ್ನೇ ಬಿಟ್ಟದ್ದನ್ನು ನಾನು ಕಂಡಿದ್ದೇನೆ. ಆದ್ದರಿಂದ ಈ ತಪ್ಪಿನ ಚರಿತ್ರೆಯನ್ನು ಬರೆಯಬೇಕೆನಿಸಿತು.

ಸ್ವಾತಂತ್ರ್ಯಪೂರ್ವದಲ್ಲಿ ಜಮಖಂಡಿ ಪಟವರ್ಧನರ ಸಂಸ್ಥಾನ, ಮುಧೋಳ ಘೋರ್ಪಡೆಯವರದು, ರಬಕವಿ ಸಾಂಗಲಿಗೆ ಸೇರಿತ್ತು. ಬೀಳಗಿ ಮಾತ್ರ ಬ್ರಿಟಿಷರ ವಿಜಾಪುರ ಜಿಲ್ಲೆಯಲ್ಲಿತ್ತು. ಮನೆಯಲ್ಲಿ ಕನ್ನಡ, ದರಬಾರಿನಲ್ಲಿ ಮರಾಠಿ, ಮೇಲಿನ ಸರಕಾರದೊಡನೆ ಇಂಗ್ಲಿಷ್. 1948ರಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. 1956ರಲ್ಲಿ ಈ ಭಾಗವೆಲ್ಲ ಮೈಸೂರು ರಾಜ್ಯಕ್ಕೆ ಬಂದಿತು. ವ್ಯಾಕರಣಕ್ಕೆ ಆಧಾರವೆಂದರೆ 1930ರ ದಶಕದಲ್ಲಿ ಹೊರಬಂದ ರೆನ್ ಮತ್ತು ಮಾರ್ಟಿನ್ ಅವರ ಪುಸ್ತಕ. (ಆ ರೆನ್ ಸಾಹೇಬರು ಮುಂಬಯಿ ಪ್ರಾಂತದ ಶಿಕ್ಷಣ ಇಲಾಖೆಯಲ್ಲಿದ್ದವರು, ‘ಬೋ ಜೆಸ್ಟ್’ ಎಂಬ ಸಾಹಸ ಕಾದಂಬರಿಯ ಕರ್ತೃವೂ ಅವರೇ ಎಂದರೆ ಹುಡುಗರು ನಂಬುತ್ತಿರಲಿಲ್ಲ!)

ಇನ್ನು ತಪ್ಪಿನ ಬೇರಿಗೆ ಬರೋಣ. ಕನ್ನಡದಲ್ಲಿ ‘ಹೋಗುವ ನಿರ್ಧಾರ’, ‘ಓದುವ ಹವ್ಯಾಸ’ ಎನ್ನುತ್ತೇವೆ. ಎರಡಕ್ಕೂ ‘ಉವ’ ಒಂದೇ. ಮರಾಠಿಯ ಮೊರೆಹೊಕ್ಕರೂ ‘ಜಾಣ್ಯಾಚಾ ನಿರ್ಣಯ’, ‘ವಾಚಣ್ಯಾಚೀ ಸವಯ’. ಅಲ್ಲಿಯೂ ಒಂದೇ ರೂಪ. ಇಂಗ್ಲಿಷ್ ಮಾತ್ರ ಇಲ್ಲಿ ದಾರಿಯನ್ನು ಕವಲೊಡೆಸುತ್ತದೆ. ಎರಡು ಭಾಷೆಗಳಲ್ಲಿಯೂ ಇಲ್ಲದ ಭೇದವನ್ನು ಮಗು ಮೂರನೆಯದರಲ್ಲಿ ತಾನಾಗಿ ಕಾಣಬೇಕೆಂದರೆ ಹೇಗೆ?

ಸಾವಿರ ವರ್ಷಗಳ ಹಿಂದಿನ ಇಂಗ್ಲಿಷಿನಲ್ಲಿ ‘ತಿನ್ನು’ ಎಂಬರ್ಥದ ಧಾತುವಿನ ಭಾವರೂಪ ‘ಎಟನ್’. ಅದಕ್ಕೆ ಚತುರ್ಥಿಯ ಪ್ರತ್ಯಯ ಹಚ್ಚಿ, ಮುಂದೆ ‘ಟೋ’ ಇಟ್ಟರೆ ‘ಟೋ ಎಟನ್ನೆ’, ಎಂದರೆ ತಿನ್ನಲಿಕ್ಕೆ. ಆ ‘ಟೋ’ ದಿಕ್ಕನ್ನು ತೋರುವ ಪದವಾಗಿತ್ತು. ಕಾಲಕ್ರಮದಲ್ಲಿ ಪ್ರತ್ಯಯ ಸವೆದು ‘ಟು ಈಟ್’ ಉಳಿಯಿತು. ‘ಇಂಗ್’ ಆದರೋ ಮೊದಲಿನಿಂದಲೂ ಕ್ರಿಯೆಯನ್ನು ವಸ್ತುವಾಗಿಸುವ ನಾಮಪ್ರತ್ಯಯ. ನಮ್ಮ ‘ಓದುವಿಕೆ’ಯ ‘ಇಕೆ’ಯಂತೆ. ನಾಮಪದವಾದ್ದರಿಂದಲೇ ಅದರ ಮುಂದೆ ‘ಆಫ್’ ಕೂರುತ್ತದೆ.

ನಮ್ಮ ‘ಮಾಡಲಿಕ್ಕೆ’ಯ ರಚನೆಯೂ ಇದೇ ಬಗೆಯದು! ಹಳಗನ್ನಡದ ‘ಮಾಡಲ್’, ಅದಕ್ಕೆ ಚತುರ್ಥಿ ಸೇರಿ ‘ಮಾಡಲ್ಕೆ’. ಶಾಲೆಯ ವ್ಯಾಕರಣ ಇದನ್ನು ಕೃದಂತಾವ್ಯಯವೆಂದು ಕರೆಯುತ್ತದೆ. ರನ್ನನ ಮುಧೋಳದಲ್ಲಿ ಇಂದು ಅದೇ ‘ಮಾಡಾಕ’ ಆಗಿದೆ. ‘ಓದಾಕ ಹೋದ’ ಎನ್ನುವ ಹುಡುಗನಿಗೆ ‘ಟು ರೀಡ್’ ಅಪರಿಚಿತವಲ್ಲ. ಅದನ್ನು ನಾಮಪದದ ಬೆನ್ನಿಗೆ ಹಚ್ಚುವುದಷ್ಟೇ ಅವನಿಗೆ ಹೊಸದು.

ಹೀಗಾಗಿ ಇನ್ನೂ ನಡೆಯದ ಕ್ರಿಯೆಯತ್ತ ಮುಖ ಮಾಡಿದ ನಾಮಪದಗಳು ಸಾಮಾನ್ಯವಾಗಿ ‘ಟು’ ಬೇಡುತ್ತವೆ: ಡಿಸಿಷನ್, ಪ್ರಾಮಿಸ್, ರೆಫ್ಯೂಸಲ್, ಅಟೆಂಪ್ಟ್. ಕ್ರಿಯೆಯನ್ನು ವಸ್ತುವೆಂಬಂತೆ ನೋಡುವವು ‘ಆಫ್’ ಬಯಸುತ್ತವೆ: ಹ್ಯಾಬಿಟ್, ಆರ್ಟ್, ಎಕ್ಸ್‌ಪೀರಿಯನ್ಸ್. ‘ಚಾನ್ಸ್’ ಎರಡೂ ಕಡೆ ಸಲ್ಲುತ್ತದೆ. ‘ಚಾನ್ಸ್ ಟು ಸ್ಪೀಕ್’ ಎಂದರೆ ಮಾತಾಡಲು ದೊರೆತ ಅವಕಾಶ, ‘ಚಾನ್ಸ್ ಆಫ್ ವಿನ್ನಿಂಗ್’ ಎಂದರೆ ಗೆಲ್ಲುವ ಸಂಭವ. ಆದರೆ ಈ ಸೂತ್ರವನ್ನು ತೀರ ನಂಬಬೇಡಿ. ‘ಹೋಪ್’ ಮುಂದನ್ನೇ ನೋಡುತ್ತದೆ. ಕ್ರಿಯಾಪದವಾದಾಗ ‘ಹೋಪ್ ಟು ವಿನ್’ ಸರಿ, ನಾಮಪದವಾದಾಗ ರೂಢಿಯಲ್ಲಿರುವುದು ‘ಹೋಪ್ ಆಫ್ ವಿನ್ನಿಂಗ್’. ರೂಢಿಯ ಮುಂದೆ ವ್ಯಾಕರಣಕಾರನೂ ಕೈಕಟ್ಟಿ ನಿಲ್ಲಬೇಕು.

ನಿಮ್ಮಲ್ಲಿ ಈಗ ಮಾಸ್ತರರಾಗಿರುವವರು ಹಲವರಿದ್ದೀರಿ. ಮಗು ‘ಹ್ಯಾಬಿಟ್ ಟು ರೀಡ್’ ಎಂದು ಬರೆದಾಗ ಗೆರೆ ಎಳೆಯುವ ಮೊದಲು, ಅದನ್ನು ಕನ್ನಡದಲ್ಲಿ ಹೇಳಿಸಿ ನೋಡಿ. ಇನ್ನು ‘ಇಂಟೆನ್ಷನ್’ ಬಗ್ಗೆ ಪದೇಪದೇ ಕೇಳುತ್ತೀರಿ: ‘ಟು ಗೋ’, ‘ಆಫ್ ಗೋಯಿಂಗ್’ ಎರಡೂ ಸರಿಯೇ, ಅಂಕ ಕಳೆಯಬೇಡಿ.