ಹೇಳಿದ್ದನ್ನು ತಿರುಗಿ ಹೇಳು

ನಮ್ಮ ಮನೆಯಲ್ಲಿ ಎರಡು ಗೋಡೆ ಗಡಿಯಾರ. ನಡುಮನೆಯದು ಎಲ್ಲರ ಮನೆಯ ಹಾಗೆ ಓಡುತ್ತಿತ್ತು. ಅಪ್ಪನ ಮೇಜಿನ ಹಿಂದೆ ತೂಗುಹಾಕಿದ್ದು ಐದೂವರೆ ಗಂಟೆ ಹಿಂದೆ. ಅದು ಕೆಟ್ಟಿದೆ ಅಂದುಕೊಂಡು ಒಂದು ದಿನ ಕುರ್ಚಿ ಹತ್ತಿ ನಾನೇ ಸರಿಮಾಡಿಬಿಟ್ಟೆ. ಆಗ ನನಗೆ ಏಳು ವರ್ಷ. ಅಪ್ಪ ಬೈಯಲಿಲ್ಲ. ಮುಳ್ಳನ್ನು ಮತ್ತೆ ಹಿಂದಕ್ಕೆ ತಿರುಗಿಸಿ, "ಪುಟ್ಟೀ, ವಿಮಾನಕ್ಕೆ ಊರು ಅನ್ನೋದು ಇಲ್ಲ ನೋಡು. ಅದಕ್ಕೇ ಎಲ್ಲ ವಿಮಾನಕ್ಕೂ ಒಂದೇ ಗಂಟೆ" ಅಂದರು. ಅದು ಗ್ರೀನಿಚ್‌ನ ಸಮಯ. ಅಪ್ಪನ ಬಾಯಲ್ಲಿ 'ಜುಲು'.

ಅಪ್ಪ ತೀರಿಕೊಂಡು ಒಂದು ವರ್ಷವಾಯಿತು. ತಿಥಿಗೆ ಬಂದ ನೆಂಟರಲ್ಲಿ ಅರ್ಧ ಜನ, "ಪೈಲಟ್ ಆಗಿದ್ರಲ್ಲ" ಅಂದರು. ಉಳಿದವರಿಗೆ ಅವರು ಎಚ್‌ಎಎಲ್‌ನಲ್ಲಿ 'ಏನೋ ದೊಡ್ಡ ಕೆಲಸ'ದಲ್ಲಿದ್ದವರು. ಮೂವತ್ತೈದು ವರ್ಷ ಒಬ್ಬ ಮನುಷ್ಯ ದಿನವೂ ಮಾಡಿದ ಕೆಲಸದ ಹೆಸರೂ ಬಂಧುಗಳಿಗೆ ಗೊತ್ತಿಲ್ಲ ಅನ್ನುವುದು ನನಗೆ ನುಂಗಲಾರದ ನೋವಾಯಿತು. ಅದಕ್ಕಾಗಿ ಬರೆಯುತ್ತಿದ್ದೇನೆ. ಅಪ್ಪ ಏರ್ ಟ್ರಾಫಿಕ್ ಕಂಟ್ರೋಲರ್. ಒಂದು ದಿನವೂ ವಿಮಾನ ನಡೆಸಿದವರಲ್ಲ.

ಅರಕಲಗೂಡು ಕಡೆಯ ರೈತರ ಮನೆಯಿಂದ, ಮೈಸೂರಿನಲ್ಲಿ ಬಿ.ಎಸ್ಸಿ. ಮುಗಿಸಿ, 1963ರಲ್ಲಿ ಅವರು ಬೆಂಗಳೂರಿಗೆ ಬಂದು ವಿಮಾನ ಕಾರ್ಖಾನೆ ಸೇರಿದರು. ಕಾರ್ಖಾನೆಗೆ ಆಗ ಇಪ್ಪತ್ಮೂರು ವರ್ಷ. 1940ರ ಡಿಸೆಂಬರ್‌ನಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರವನ್ನು ಜೊತೆಗೂಡಿಸಿಕೊಂಡು ಕಟ್ಟಿದ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಅದು. ಯುದ್ಧದ ದಿನಗಳಲ್ಲಿ ಬೆಳ್ಳಂದೂರು ಕೆರೆಯ ಮೇಲೆ ಕಟಲಿನಾ ವಿಮಾನಗಳು ದೋಣಿಯ ಹಾಗೆ ಇಳಿಯುತ್ತಿದ್ದದ್ದನ್ನು ಕಂಡಿದ್ದ ಹಳಬರು ಅಪ್ಪ ಸೇರಿದಾಗಲೂ ಶಾಪಿನಲ್ಲಿ ಕೆಲಸಕ್ಕಿದ್ದರಂತೆ. ಮರುವರ್ಷ, 1964ರಲ್ಲಿ, ಅದು ಹಿಂದೂಸ್ಥಾನ್ ಏರೋನಾಟಿಕ್ಸ್, ಅಂದರೆ ಎಚ್‌ಎಎಲ್, ಆಯಿತು.

ಕಾರ್ಖಾನೆಯ ವಿಮಾನ ನಿಲ್ದಾಣದ ರೀತಿಯೇ ಬೇರೆ. ಬೊಂಬಾಯಿ, ಮದರಾಸಿನಂಥ ಕಡೆ ಕಂಟ್ರೋಲ್ ಟವರ್ ನಡೆಸುತ್ತಿದ್ದದ್ದು ಕೇಂದ್ರದ ನಾಗರಿಕ ವಿಮಾನಯಾನ ಇಲಾಖೆ. ಇಲ್ಲಿ ರನ್‌ವೇಯೂ ಕಾರ್ಖಾನೆಯದು, ಟವರೂ ಕಾರ್ಖಾನೆಯದು. ಪ್ರಯಾಣಿಕರ ವಿಮಾನಗಳು ಕಾರ್ಖಾನೆಯ ಅಂಗಳಕ್ಕೆ ಊರ ಬಸ್ಸು ಬಂದ ಹಾಗೆ ಬಂದು ಹೋಗುತ್ತಿದ್ದವು. ಒಂದೇ ರನ್‌ವೇ. ಅದರ ಮೇಲೆ ಬೆಳಗ್ಗೆ ಕಿರಣ್ ತರಬೇತಿ ವಿಮಾನ, ಅದರ ಹಿಂದೆ ಪರೀಕ್ಷೆಗೆ ಹೊರಟ ಮಾರುತ್ ಫೈಟರ್, ಪಕ್ಕದಲ್ಲಿ ಹೆಲಿಕಾಪ್ಟರ್. ಅಷ್ಟರಲ್ಲಿ ಇಂಡಿಯನ್ ಏರ್‌ಲೈನ್ಸಿನ ಫಾಕರೋ ಆವ್ರೋವೋ ಇಳಿಯಲು ಕೇಳುತ್ತಿತ್ತು. ಓಣಿಯಲ್ಲಿ ಎತ್ತಿನಗಾಡಿ, ಸೈಕಲ್ಲು, ಎಕ್ಸ್‌ಪ್ರೆಸ್ ಬಸ್ಸು ಒಟ್ಟಿಗೆ ಬಂದರೆ ಹೇಗೋ ಹಾಗೆ. ಆದರೆ ಓಣಿಯಲ್ಲಾದರೆ ಬ್ರೇಕ್ ಹಾಕಿ ನಿಲ್ಲಬಹುದು. ದೊಡ್ಡ ವಿಮಾನ ಹೋದ ಮೇಲೆ ಅದರ ಹಿಂದೆ ಗಾಳಿ ನಿಮಿಷಗಟ್ಟಲೆ ಸುಳಿ ಸುತ್ತುತ್ತಲೇ ಇರುತ್ತದೆ. ಸಣ್ಣದನ್ನು ಅದರೊಳಗೆ ಬಿಟ್ಟರೆ ಬುಡಮೇಲು. ಯಾವುದರ ಹಿಂದೆ ಯಾವುದನ್ನು ಎಷ್ಟು ಹೊತ್ತಿಗೆ ಬಿಡಬೇಕು ಅನ್ನುವುದೇ ಅಪ್ಪನ ದಿನದ ಲೆಕ್ಕ. ಪರೀಕ್ಷಾ ವಿಮಾನ ಯಾವ ಗಳಿಗೆಯಲ್ಲಿ ಬೇಕಾದರೂ ವಾಪಸು ಬರಬಹುದು. ಅದಕ್ಕೆ ಜಾಗ ಮನಸ್ಸಿನಲ್ಲಿ ಸದಾ ಖಾಲಿ ಇಟ್ಟಿರಬೇಕು. 1970ರ ಜನವರಿ 10ರಂದು ಮಾರುತ್‌ನ ಪರೀಕ್ಷೆಯಲ್ಲಿ ಗ್ರೂಪ್ ಕ್ಯಾಪ್ಟನ್ ಸುರಂಜನ್ ದಾಸ್ ಹೋಗಿಬಿಟ್ಟರು. ಇವತ್ತು ಕಾರ್ಖಾನೆಯ ಪಕ್ಕದ ರಸ್ತೆಗೆ ಅವರ ಹೆಸರಿದೆ. ಆ ಬೋರ್ಡು ಕಂಡಾಗಲೆಲ್ಲ ಅಪ್ಪ ಮಾತು ನಿಲ್ಲಿಸುತ್ತಿದ್ದರು.

ರಾಡಾರ್ ಪರದೆಯ ಮುಂದೆ ಕೂತು ಮಾಡುವ ಕೆಲಸ ಅಂತ ಜನ ಇವತ್ತು ಊಹಿಸುತ್ತಾರೆ. ಅಪ್ಪ ಅಲಹಾಬಾದಿನ ಬಮ್ರೌಲಿಯಲ್ಲಿ ತರಬೇತಿ ಪಡೆದು ಕಲಿತುಬಂದದ್ದು ಪರದೆಯೇ ಇಲ್ಲದ ವಿದ್ಯೆ. ಇದ್ದದ್ದು ಕಾಗದದ ಪಟ್ಟಿ, ಅವರ ಭಾಷೆಯಲ್ಲಿ ಸ್ಟ್ರಿಪ್. ಒಂದು ಅಂಗುಲ ಅಗಲ, ಗೇಣುದ್ದ, ಉದ್ದಕ್ಕೂ ಮನೆ ಮನೆಯಾಗಿ ಗೆರೆ. ಒಂದು ವಿಮಾನಕ್ಕೆ ಒಂದು ಸ್ಟ್ರಿಪ್. ಮದರಾಸಿನಿಂದ ಫೋನಿನಲ್ಲಿ ವಿಮಾನದ ಹೆಸರು, ಎತ್ತರ, ಇಷ್ಟು ಗಂಟೆ ಇಷ್ಟು ನಿಮಿಷಕ್ಕೆ ಬರುತ್ತೆ ಅನ್ನುವ ಅಂದಾಜು ಬರುತ್ತಿತ್ತು. ಅಪ್ಪ ಅದನ್ನು ಮನೆಗಳಲ್ಲಿ ತುಂಬಿ, ಪಟ್ಟಿಯನ್ನು ಹೋಲ್ಡರಿಗೆ ಸಿಕ್ಕಿಸಿ, ಹಲಗೆಯ ಮೇಲೆ ಸಾಲಾಗಿ ಇಡುತ್ತಿದ್ದರು. ಪೈಲಟ್ ಹೊಸ ಸಮಯ ಹೇಳಿದರೆ ಹಳೆಯದನ್ನು ಒಂದೇ ಗೆರೆಯಲ್ಲಿ ಹೊಡೆದು ಪಕ್ಕದಲ್ಲಿ ಹೊಸದು. ಅಳಿಸುವಂತಿಲ್ಲ. ತಪ್ಪು ಬರೆದದ್ದೂ ಓದುವ ಹಾಗೆ ಉಳಿಯಬೇಕು. ಅಚ್ಚು ಕೆಟ್ಟ ಒಂದು ಖಾಲಿ ಪಟ್ಟಿ ನನ್ನ ನಿಘಂಟಿನಲ್ಲಿ ಪುಟದ ಗುರುತಾಗಿ ಈಗಲೂ ಇದೆ.

ಕಣ್ಣಿಗೆ ಕಾಣದ ವಿಮಾನಗಳನ್ನು ಒಂದಕ್ಕೊಂದು ತಾಗದ ಹಾಗೆ ಇಡುವುದು ದೂರದ ಲೆಕ್ಕದಲ್ಲಲ್ಲ, ಹೊತ್ತಿನ ಲೆಕ್ಕದಲ್ಲಿ. ಒಂದೇ ದಾರಿ, ಒಂದೇ ಎತ್ತರವಾದರೆ ನಡುವೆ ಹತ್ತು ನಿಮಿಷ. ಅಷ್ಟು ಹೊತ್ತು ಇಲ್ಲದಿದ್ದರೆ ಮೇಲೆ ಕೆಳಗೆ ಸಾವಿರ ಅಡಿ. ಮಳೆಗಾಲದಲ್ಲಿ ರನ್‌ವೇ ಕಾಣದೆ ಮೂರು ನಾಲ್ಕು ವಿಮಾನ ಒಟ್ಟಿಗೆ ಸೇರಿಕೊಂಡರೆ ದಾರಿ ತೋರುವ ರೇಡಿಯೋ ಬೀಕನ್ ಮೇಲೆ ಸುತ್ತು ಹಾಕಿಸುತ್ತಿದ್ದರು. ಒಂದು ಸುತ್ತಿಗೆ ನಾಲ್ಕು ನಿಮಿಷ, ಒಂದರ ಮೇಲೊಂದು ಸಾವಿರ ಅಡಿಯ ಅಂತರದಲ್ಲಿ. ತಳದ್ದು ಇಳಿದರೆ ಉಳಿದವು ಒಂದೊಂದು ಮೆಟ್ಟಿಲು ಕೆಳಕ್ಕೆ. "ರಾಗಿ ಕಣದಲ್ಲಿ ಎತ್ತು ತಿರುಗ್ತಾವಲ್ಲ, ಹಂಗೇ ಕಣೇ" ಅನ್ನುತ್ತಿದ್ದರು ಅಪ್ಪ. ತಾವೂ ಹುಡುಗನಾಗಿದ್ದಾಗ ಕಣದ ನಡುವೆ ನಿಂತು ಎತ್ತು ಹೊಡೆದವರು.

1990ರ ಫೆಬ್ರುವರಿ 14. ಅಪ್ಪನಿಗೆ ಎರಡನೇ ಪಾಳಿ. ಅಮ್ಮ ಊಟದ ಕ್ಯಾರಿಯರ್ ತುಂಬಿ ಕೊಟ್ಟಿದ್ದರು, ಅಪ್ಪ ಬೂಟಿನ ದಾರ ಕಟ್ಟುತ್ತಿದ್ದರು. ಗಂಟೆ ಒಂದು ದಾಟಿತ್ತು. ಬೊಂಬಾಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸ್‌ನ 605, ಹೊಚ್ಚ ಹೊಸ ಏರ್‌ಬಸ್ ಎ-320, ರನ್‌ವೇ ಮುಟ್ಟುವ ಮೊದಲೇ ಚಲ್ಲಘಟ್ಟದ ಗಾಲ್ಫ್ ಮೈದಾನಕ್ಕೆ ಬಿತ್ತು. ಒಳಗಿದ್ದ 146 ಜನರಲ್ಲಿ 92 ಜನ ಸತ್ತರು. ಪಡುವಣದಲ್ಲಿ ಎದ್ದ ಹೊಗೆ ಕಂಡ ಅಪ್ಪ ಸೈಕಲ್ ಹತ್ತಿ ಹೋದವರು ಮಾರನೆಯ ಬೆಳಗ್ಗೆ ಮನೆಗೆ ಬಂದರು. ಅಪಘಾತವಾದರೆ ಟವರಿನ ಟೇಪು, ಲಾಗ್ ಪುಸ್ತಕ, ಸ್ಟ್ರಿಪ್ಪುಗಳಿಗೆಲ್ಲ ಸೀಲ್ ಹಾಕುವುದು ಕ್ರಮ. ಅವರು ಕಂಡದ್ದೇನು, ಮಾಡಿದ್ದೇನು, ನಮಗೆ ಹೇಳಲಿಲ್ಲ. ಕ್ಯಾರಿಯರ್ ಹಾಗೇ ವಾಪಸು ಬಂದಿತ್ತು. ಅಮ್ಮ ತೆರೆದಾಗ ಸಾರು ಹಳಸಿ ನೊರೆ ಬಂದಿತ್ತು. ವಿಮಾನ ಇಳಿಸುವಾಗ ಎಂಜಿನ್ ಐಡಲ್‌ನಲ್ಲೇ ಉಳಿದು ವೇಗ ಕುಸಿದದ್ದನ್ನು ಪೈಲಟ್‌ಗಳು ಸಕಾಲಕ್ಕೆ ಗಮನಿಸಲಿಲ್ಲ ಎಂಬುದು ಆಮೇಲೆ ತನಿಖೆಯಲ್ಲಿ ಬಂತು. ಟವರಿನ ತಪ್ಪಲ್ಲ ಅಂತ ಅಮ್ಮ ಸಮಾಧಾನದ ಉಸಿರುಬಿಟ್ಟರು. ಅಪ್ಪನಿಗೆ ಅದರಲ್ಲಿ ಸಮಾಧಾನ ಕಾಣಲಿಲ್ಲ. "ಇಳಿಯೋಕೆ ನಮ್ಮನ್ನ ಕೇಳ್ಕೊಂಡು ಬಂದಿತ್ತು ಅದು" ಅಂತ ಒಂದೇ ಮಾತು ಅಂದದ್ದು ನನಗೆ ನೆನಪಿದೆ.

ನಾನು ಕನ್ನಡ ಮೇಷ್ಟ್ರ ಕೆಲಸ ಮಾಡಿದವಳು. ಅಪ್ಪನ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡದ್ದು ಅವರ ಮಾತು. ಹಳ್ಳಿಯ ಶಾಲೆಯಲ್ಲಿ ಕಲಿತ ಅವರ ಇಂಗ್ಲಿಷು ಮೈಕಿನ ಮುಂದೆ ಬೇರೆಯೇ ಭಾಷೆ. ಥ್ರೀ ಅಲ್ಲಿ 'ಟ್ರೀ', ಫೈವ್ 'ಫೈಫ್', ನೈನ್ 'ನೈನರ್'. ಗೊರಗೊರ ಸದ್ದಿನಲ್ಲಿ ಐದು ಒಂಬತ್ತಾಗಿ ಕೇಳಿಸಬಾರದು ಅಂತ ಲೋಕವೆಲ್ಲ ಒಪ್ಪಿಕೊಂಡ ಉಚ್ಚಾರ. ಗ್ಯಾಸ್ ಏಜೆನ್ಸಿಗೆ ನಂಬರ್ ಹೇಳುವಾಗಲೂ ಅಪ್ಪನದು ನೈನರೇ. ಇನ್ನೊಂದು ರೀಡ್‌ಬ್ಯಾಕ್. ಕಂಟ್ರೋಲರ್ ಎತ್ತರ ಹೇಳಿದರೆ ಪೈಲಟ್ ಅದನ್ನು ತಿರುಗಿ ಹೇಳಬೇಕು, ಕಂಟ್ರೋಲರ್ ಅದನ್ನು ಕಿವಿಗೊಟ್ಟು ಕೇಳಬೇಕು. ಹೇಳುವುದಕ್ಕಿಂತ ಆ ಕೇಳುವುದೇ ಕಷ್ಟ ಅನ್ನುತ್ತಿದ್ದರು. ಯಾಕೆಂದರೆ ನಾವು ಏನು ಹೇಳಿದೆವೋ ಅದೇ ಕೇಳಿಸಲಿ ಅಂತ ಕಿವಿ ಕಾಯುತ್ತಿರುತ್ತದೆ. ಮನೆಯಲ್ಲೂ ಅದೇ ಅಭ್ಯಾಸ. ಅಮ್ಮ, "ಅರ್ಧ ಕೆಜಿ ಬೀನ್ಸು, ಎರಡು ಕಟ್ಟು ಸಬ್ಬಸಿಗೆ, ಕರಿಬೇವು" ಅಂದರೆ ಬಾಗಿಲಲ್ಲಿ ನಿಂತು ಅದನ್ನಷ್ಟೂ ತಿರುಗಿ ಹೇಳಿಯೇ ಚೀಲ ಎತ್ತುತ್ತಿದ್ದರು. ಚೀಟಿ ಬರೆಸಿಕೊಂಡವರಲ್ಲ.

1996ರ ನವೆಂಬರ್ 12ರ ಸಂಜೆ ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಎರಡು ವಿಮಾನ ಆಕಾಶದಲ್ಲೇ ಡಿಕ್ಕಿ ಹೊಡೆದು 349 ಜನ ಸತ್ತರು. ಒಬ್ಬರೂ ಉಳಿಯಲಿಲ್ಲ. ದೆಹಲಿಯಿಂದ ಏರುತ್ತಿದ್ದ ಸೌದಿಯ ಜಂಬೋ 14,000 ಅಡಿಯಲ್ಲಿರಬೇಕು, ಇಳಿಯುತ್ತಿದ್ದ ಕಜಕಿಸ್ತಾನದ ವಿಮಾನ 15,000ದಲ್ಲಿ ನಿಲ್ಲಬೇಕು. ಕಜಕ್ ವಿಮಾನ ನಿಲ್ಲದೆ ಕೆಳಗಿಳಿಯಿತು. ಅದರಲ್ಲಿ ನೆಲದೊಂದಿಗೆ ಮಾತಾಡುತ್ತಿದ್ದವನು ರೇಡಿಯೋ ಆಪರೇಟರ್, ನಡೆಸುತ್ತಿದ್ದವರು ಬೇರೆ. ಪತ್ರಿಕೆಯಲ್ಲಿ ಬಂದ ಸಂಭಾಷಣೆಯನ್ನು ಅಪ್ಪ ಕೆಂಪು ಪೆನ್ನಿನಲ್ಲಿ ಗೆರೆ ಎಳೆಯುತ್ತ ನಾಲ್ಕು ಸಲ ಓದಿದರು. ಮಾತು ಒಂದು ಕಿವಿಯಿಂದ ಇನ್ನೊಂದು ಕೈಗೆ ಹೋಗುವ ದಾರಿಯಲ್ಲೇ ಸಾವಿರ ಅಡಿ ಕಳೆದುಹೋಯಿತು ಅನ್ನುವುದು ಅವರ ನೋವು. ಡಿಕ್ಕಿ ತಪ್ಪಿಸಲು ಎಚ್ಚರಿಸುವ ಯಂತ್ರ ವಿಮಾನದಲ್ಲಿ ಇರಲೇಬೇಕು ಅಂತ ನಮ್ಮ ದೇಶ ಕಡ್ಡಾಯ ಮಾಡಿದ್ದು ಅದರ ನಂತರ. ಎರಡು ವರ್ಷಕ್ಕೆ ಅಪ್ಪ ನಿವೃತ್ತರಾದರು.

ನಿವೃತ್ತಿಯ ಮೇಲೂ ಮನೆ ವಿಮಾನ ನಿಲ್ದಾಣದ ಹತ್ತಿರವೇ, ಕೋನೇನ ಅಗ್ರಹಾರದಲ್ಲಿ. 2003ರಲ್ಲಿ ಏರ್ ಡೆಕ್ಕನ್ ಬಂದ ಮೇಲೆ ವಿಮಾನಗಳು ಒಂದರ ಹಿಂದೆ ಒಂದು ಬರತೊಡಗಿದವು. ಟೆರೇಸಿನಲ್ಲಿ ಕೂತು ಸದ್ದಿನಲ್ಲೇ ಇದು ಎಟಿಆರ್, ಇದು ಏರ್‌ಬಸ್ ಅನ್ನುತ್ತಿದ್ದರು. 2008ರ ಮೇ 23ರ ನಡುರಾತ್ರಿ ಪ್ರಯಾಣಿಕರ ವಿಮಾನವೆಲ್ಲ ದೇವನಹಳ್ಳಿಗೆ ಹೋಯಿತು. ಅವತ್ತು ಅವರು ಮಲಗಲಿಲ್ಲ. ಅವರ ಡೈರಿಯಲ್ಲಿ ಆ ದಿನಕ್ಕೆ ಒಂದೇ ಸಾಲು: '1830, ನಿಂತಿತು.' ಊರಿಗೆಲ್ಲ ಅದು 24ನೇ ತಾರೀಕು. ಅಪ್ಪನ ಗಡಿಯಾರದಲ್ಲಿ ಇನ್ನೂ 23ರ ಸಂಜೆ.

ಮಾರನೆಯ ರಾತ್ರಿ ಮೂರು ಗಂಟೆಗೆ ಅಪ್ಪ ಎದ್ದು ಹಾಸಿಗೆಯಲ್ಲಿ ಕೂತರು. ಆ ಹೊತ್ತಿಗೆ ವಿದೇಶಕ್ಕೆ ಹೋಗುವ ವಿಮಾನವೊಂದು ನಮ್ಮ ಕಿಟಕಿ ಗಾಜು ಅದುರಿಸಿ ಏರುತ್ತಿತ್ತು. ಅಮ್ಮ ಕತ್ತಲಲ್ಲೇ, "ಅದು ಇನ್ನು ಇಲ್ಲಿಂದ ಹೋಗಲ್ಲ ಕಣ್ರೀ, ಮಲಗಿ" ಅಂದರು.

"ಇಲ್ಲಿಂದ ಹೋಗಲ್ಲ" ಅಂದರು ಅಪ್ಪ. ಆಮೇಲೆ ಮಲಗಿದರು.